ಕಾಲು ನೋಡಿ ನುಡಿಸಿದ್ದಕ್ಕೆ ನಪಾಸು

ಸಂಗೀತ ಶಾಲೆಯ ಮಾನ್ಯ ನಿರ್ದೇಶಕರೇ,

ನನ್ನ ತಂಗಿಯ ಮಗಳು ರಲಿತ್ಸಾಳನ್ನು ಕ್ಲಾರಿನೆಟ್ ಅಂತಿಮ ಪರೀಕ್ಷೆಯಲ್ಲಿ ನೀವು ನಪಾಸು ಮಾಡಿದ್ದೀರಿ. ಕೊಟ್ಟ ಕಾರಣ: ‘ಲಯಕ್ಕೆ ನೆಲೆಯಿಲ್ಲ, ಕಣ್ಣು ಹಾಳೆಯ ಮೇಲಿಲ್ಲ.’ ಪ್ರಾಸ ಚೆನ್ನಾಗಿದೆ, ಅಭಿನಂದನೆಗಳು. ನ್ಯಾಯ ಮಾತ್ರ ಎಲ್ಲೂ ಕಾಣಲಿಲ್ಲ.

ನಾಲ್ಕು ವರ್ಷ ನಿಮ್ಮಲ್ಲಿ ಕಲಿತ ಹುಡುಗಿ ಕಳೆದ ಸೆಪ್ಟೆಂಬರಿನಲ್ಲಿ ನಮ್ಮೂರು ಗೋರ್ನೊ ಪೋಲೆಯ ಮದುವೆಯೊಂದರಲ್ಲಿ ನುಡಿಸಿದಳು. ನಿಮಗೆ ಮರೆತಿರಬಹುದು: ನಮ್ಮ ಬಲ್ಗೇರಿಯದ ಹೊರೊ ಕುಣಿತದಲ್ಲಿ ಸಾಲಿನ ಮೊದಲಲ್ಲಿ ಕರವಸ್ತ್ರ ಹಿಡಿದವರೇ ಒಡೆಯರು. ಅದು ಮೇಲೆದ್ದರೆ ವೇಗ, ಕೆಳಗಿಳಿದರೆ ನಿಧಾನ. ಅಂದು ಹಿಡಿದವರು ವರನ ಅಜ್ಜಿ, ಎಪ್ಪತ್ತೆಂಟರ ಸ್ತಮೇನಾ. ಅವರು ಕರವಸ್ತ್ರ ಇಳಿಸಿದರು, ಮತ್ತೆ ಇಳಿಸಿದರು, ಕೊನೆಗೆ ಬಾವುಟದಂತೆ ಬೀಸಿದರು. ರಲಿತ್ಸಾ ನಿಮ್ಮ ಶಿಸ್ತಿನ ಶಿಷ್ಯೆ. ಸ್ವರಲಿಪಿಯ ಹಾಳೆ ಮುಗಿಯುವವರೆಗೆ ತಲೆ ಎತ್ತಲಿಲ್ಲ. ಅಜ್ಜಿ ಏದುಸಿರು ಬಿಡುತ್ತ ಬೆಂಚಿನ ಮೇಲೆ ಕುಸಿದರು.

“ಏನೇ ಹುಡುಗಿ, ಮದುವೆ ಇವರದ್ದಾ, ನಿನ್ನ ಆ ಕಾಗದದ್ದಾ? ನನ್ನ ಹೆಣ ಬಿದ್ದಿದ್ರೂ ಪುಟ ತಿರುಗಿಸ್ತಿದ್ದೆಯಲ್ಲೇ!”

“ತಪ್ಪಾಯ್ತಜ್ಜಿ. ಶಾಲೇಲಿ ನಮ್ಮೆದುರು ಯಾರೂ ಕುಣಿಯಲ್ಲ.”

“ಮತ್ತೆ ಅಲ್ಲೇನು ಕಲಿಸ್ತಾರೆ, ಗೋಡೆಗೆ ನುಡಿಸೋದಾ?”

ಈ ಪ್ರಶ್ನೆಯನ್ನು ಹಾಗೆಯೇ ನಿಮಗೆ ದಾಟಿಸುತ್ತಿದ್ದೇನೆ. ಹಾಳೆ ಸುಡಿ ಎನ್ನುತ್ತಿಲ್ಲ. ಅದನ್ನು ಓದಲು ಬಾರದ ನಾನೇ ಅವಳನ್ನು ನಿಮ್ಮಲ್ಲಿಗೆ ಕಳಿಸಿದವನು. ಆದರೆ ಕೇಳುವವರಿಲ್ಲದ ಕೋಣೆಯಲ್ಲಿ ನಾಲ್ಕು ವರ್ಷ ಕಲಿತದ್ದು ಕುಣಿಯುವ ಜನರ ಮುಂದೆ ನಾಲ್ಕು ನಿಮಿಷ ನಿಲ್ಲಲಿಲ್ಲವಲ್ಲ? ಆ ಚಳಿಗಾಲವಿಡೀ, ಮದುವೆಗಳಲ್ಲಿ ಅಕಾರ್ಡಿಯನ್ ನುಡಿಸುವ ನಾನು ಅವಳನ್ನು ನನ್ನ ಜೊತೆ ಹೊರೊ ಸಾಲಿನೆದುರು ನುಡಿಸುತ್ತಲೇ ಹಿಮ್ಮುಖವಾಗಿ ನಡೆಸಿದೆ, ಕಣ್ಣು ಕುಣಿಯುವವರ ಕಾಲ ಮೇಲೆ. ಎರಡು ಸಲ ಎಡವಿದಳು, ಒಮ್ಮೆ ಹುಳಿ ಎಲೆಕೋಸಿನ ಪೀಪಾಯಿಯನ್ನೇ ಉರುಳಿಸಿದಳು. ಆದರೆ ಕಲಿತಳು.

ಜೂನಿನ ಪರೀಕ್ಷೆಯಲ್ಲಿ ನೀವೇ ಕೊಟ್ಟದ್ದು ಹೊರೊ ಮಟ್ಟು. ತೀರ್ಪುಗಾರರ ಮೇಜಿನಡಿ ಒಂದು ಬೂಟು ತಾಳ ಹಾಕತೊಡಗಿತು. ಬೂಟು ನಿಧಾನವಾಯಿತು, ಹುಡುಗಿಯೂ ನಿಧಾನವಾದಳು. ಬೂಟಿಗೆ ಹುರುಪು ಬಂತು, ಹುಡುಗಿಗೂ ಬಂತು. ಆ ಬೂಟು ನಿಮ್ಮದೇ ಸ್ವಾಮಿ! ಕಾಲು ಕುಣಿಯಿತು, ಕೈ ಸೊನ್ನೆ ಬರೆಯಿತು. ಎರಡರಲ್ಲಿ ಯಾವುದನ್ನು ನಂಬಲಿ?

ಅಕ್ಟೋಬರಿನ ಮರುಪರೀಕ್ಷೆ ಅವಳಿಗೆ ಕೊನೆಯ ಅವಕಾಶ. ಅದು ನಮ್ಮೂರ ಚೌಕದಲ್ಲಿ, ಕುಣಿಯುವವರ ಎದುರೇ ನಡೆಯಲಿ. ಮುಂದಿನ ವರ್ಷದಿಂದ ನಿಮ್ಮ ಪ್ರತಿ ವಿದ್ಯಾರ್ಥಿಗೂ ಅದೇ ಪಾಠವಾಗಲಿ. ಕರವಸ್ತ್ರ ಹಿಡಿಯಲು ಸ್ತಮೇನಾ ಅಜ್ಜಿ ಒಪ್ಪಿದ್ದಾರೆ. ಅವರ ಪಕ್ಕದ ಜಾಗ ನಿಮಗೆ. ಅದೇ ಬೂಟು ಹಾಕಿಕೊಂಡು ಬನ್ನಿ.

ಇಂತಿ,
ಇಪ್ಪತ್ತೇಳು ವರ್ಷದಿಂದ ಹಿಮ್ಮುಖವಾಗಿಯೇ ನಡೆದು ಇಲ್ಲಿಯವರೆಗೆ ಬಂದಿರುವ,
ಅಕಾರ್ಡಿಯನ್ ಝಿವ್ಕೊ