ಬೊಟ್ಟು ಒರೆಸದ ಅಳತೆ ತೋಳು

ಹರಿಹರ
ಪರಾಭವ ಸಂವತ್ಸರ, ೨೨೦೭ರ ಫೆಬ್ರವರಿ ೩೦

ಪೂರ್ವಜರಾದ ಕೊಟ್ರೇಶಪ್ಪನವರಿಗೆ ನಿಮ್ಮ ವಂಶದ ಹಾಲಮ್ಮ ಬರೆಯುವುದು.

ಫೆಬ್ರವರಿಗೆ ಮೂವತ್ತನೇ ತಾರೀಖು ಎಲ್ಲಿಂದ ಬಂತು ಎಂದು ಕೇಳಬೇಡಿ. ನಮ್ಮ ಹಿರಿಯರು ತಿಂಗಳುಗಳನ್ನು ಸರಿಮಾಡಿಕೊಂಡರು. ನಿಮಗೂ ಈಗ ಪರಾಭವವೇ, ಅರವತ್ತು ವರ್ಷದ ಮೂರು ಸುತ್ತು ಹಿಂದಿನದು. ನನ್ನ ಮಾತು ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮೆ ಇರಲಿ. ಅದೊಂದಕ್ಕೆ ಮಾತ್ರ, ಮುಂದೆ ಬರುವ ಬೈಗುಳಕ್ಕಲ್ಲ. ಇದು ಹಿಂದೋಲೆ, ಅಂದರೆ ಕಾಲದಲ್ಲಿ ಹಿಂದಕ್ಕೆ ಹೋಗುವ ಕಾಗದ. ಒಂದು ಊರಿಗೆ ಒಂದು ತಲೆಮಾರಿನಲ್ಲಿ ಒಂದೇ ಸಿಗುತ್ತದೆ. ಪ್ರವಾಹವನ್ನೋ ಯುದ್ಧವನ್ನೋ ತಡೆಯಲು ಬಳಸಬೇಕಾದದ್ದನ್ನು ನಮ್ಮೂರು ನಿಮಗಾಗಿ ಖರ್ಚು ಮಾಡುತ್ತಿದೆ. ನಿಮ್ಮ ಘನಕಾರ್ಯ ಎಂಥದ್ದಿರಬೇಕು, ನೀವೇ ಲೆಕ್ಕ ಹಾಕಿಕೊಳ್ಳಿ.

ನಮ್ಮಲ್ಲಿ ಹೊಸದಾಗಿ ಯಂತ್ರ ರೂಪಿಸುವ ವಿದ್ಯೆ ಉಳಿದಿಲ್ಲ. ಎರಕ ಹೊಯ್ಯಬಲ್ಲೆವು, ಇದ್ದದ್ದರ ಪ್ರತಿ ಮಾಡಬಲ್ಲೆವು, ಅಷ್ಟೇ. ಏನು ಮುರಿದರೂ ಅಚ್ಚುಮನೆಗೆ ಹೋಗುತ್ತೇವೆ. ನಿಮ್ಮ ಕಾಲದವರು ಅಳೆದಿಟ್ಟ ಆಕಾರಗಳನ್ನೆಲ್ಲ ಕಾಪಾಡಿಟ್ಟ ಜಾಗ ಅದು. ಬೆಳಗಾದರೆ ಅದರ ಮುಂದೆ ಜನ ಪಾಳಿ ಹಚ್ಚಿರುತ್ತಾರೆ, ಒಬ್ಬಳಿಗೆ ಗಿರಣಿಯ ಹಲ್ಲುಚಕ್ರ ಬೇಕು, ಇನ್ನೊಬ್ಬನಿಗೆ ಹೊಲಿಗೆ ಯಂತ್ರದ ಕಾಲು. ಆಕಾರ ಸಿಕ್ಕವರು ಎರಕದವರ ಬೀದಿಗೆ ಓಡುತ್ತಾರೆ. ಸಿಗದವರು ಮನೆಗೆ ಹೋಗಿ ಕೈಯಲ್ಲೇ ಬೀಸುತ್ತಾರೆ, ಕೈಯಲ್ಲೇ ಹೊಲಿಯುತ್ತಾರೆ. ತುಂಗಭದ್ರೆಯ ನೀರನ್ನು ಊರಿಗೆ ಎತ್ತುವ ಪಂಪಿನ ಕೊನೆಯ ರೆಕ್ಕೆಚಕ್ರ ಚೂರುಚೂರಾದಾಗ ನಾವೂ ಅಲ್ಲಿಗೇ ಹೋದೆವು. ಅಲ್ಲಿದ್ದದ್ದು ಒಂದೇ ಅಳತೆ, ನಿಮ್ಮದು. ಪಂಪ್‌ಹೌಸಿನಲ್ಲಿದ್ದ ಹೊಚ್ಚಹೊಸ ಚಕ್ರವನ್ನು ಅಳೆದು, ಇನ್ನು ಕಂಪ್ಯೂಟರಿನಲ್ಲೇ ಇದೆಯಲ್ಲ ಎಂದು ಅದನ್ನು ಗುಜರಿಗೆ ಹಾಕಿಸಿದ ಮಹಾನುಭಾವರು ನೀವೇ.

ನಿಮ್ಮ ಅಳತೆಯಲ್ಲಿ ಚಕ್ರದ ಎರಡು ರೆಕ್ಕೆಗಳು ಪಕ್ಕಕ್ಕೆ ವಾಲಿದ್ದವು. ಹಿರಿಯರು ಅಳೆದದ್ದಲ್ಲವೇ, ಹಾಗೇ ಇರಬೇಕು ಎಂದುಕೊಂಡು ಎರಕ ಹೊಯ್ದೆವು. ಪಂಪು ಶುರುವಾದಾಗ ನನ್ನ ತಮ್ಮ ಬಸವಂತ ಪಕ್ಕದಲ್ಲೇ ನಿಂತಿದ್ದ. ಚಕ್ರ ಅದುರಿ ಅದುರಿ ಸಿಡಿಯಿತು. ಅವನ ಬಲಗೈ ಮೊಣಕೈವರೆಗೆ ಹೋಯಿತು. ಎಡಗೈಗೆ ಇನ್ನೂ ಹದ ಬಂದಿಲ್ಲ, ಹಾಗಾಗಿ ರೊಟ್ಟಿಯನ್ನು ನಾನೇ ಮುರಿದು ಅವನ ತಟ್ಟೆಗೆ ಹಾಕುತ್ತೇನೆ. ತಲೆ ಎತ್ತದೆ ತಿನ್ನುತ್ತಾನೆ.

ಅಳತೆಯ ಜೊತೆಗಿದ್ದ ನಿಮ್ಮ ವಿಡಿಯೋವನ್ನು ನಾನು ನೋಡಿದ್ದು ಆಮೇಲೆ. ತಾರಸಿಯ ಮೇಲೊಂದು ಮೇಜು, ಮೇಜಿನ ಮೇಲೆ ಕೊಳವೆಗಳನ್ನು ಕೀಲುಗಳಿಂದ ಜೋಡಿಸಿದ ತೋಳು, ತುದಿಗೊಂದು ಮುಳ್ಳು. ಕೀಲುಗಳು ಎಷ್ಟು ತಿರುಗಿವೆ ಎಂಬುದರ ಮೇಲೆ ಮುಳ್ಳು ಎಲ್ಲಿ ಮುಟ್ಟಿತೆಂದು ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಪ್ರತಿ ಕೀಲಿನಲ್ಲೂ ಗಾಜಿನಂಥ ಬಿಲ್ಲೆ, ಅದರ ಅಂಚಿಗೆ ಕೂದಲಿಗಿಂತ ತೆಳು ಗೆರೆಗಳು. ಬಿಲ್ಲೆ ತಿರುಗಿದಂತೆ ಬೆಳಕು ಗೆರೆಗಳನ್ನು ಎಣಿಸುತ್ತದೆ. ಎಲ್ಲವನ್ನೂ ನೀವೇ ಮನೆಯಲ್ಲಿ ಕೂತು ಮಾಡಿದ್ದು. ಬುದ್ಧಿ ಇರಲಿಲ್ಲ ಎನ್ನಲಾರೆ. ಇದ್ದ ಬುದ್ಧಿಯನ್ನು ಅಟ್ಟದ ಮೇಲಿಟ್ಟಿರಲ್ಲ, ಅದಕ್ಕೇ ನನಗೆ ಅಸಹ್ಯ. ನೋಡುವವರಿಗೆ ಚಂದ ಕಾಣಲೆಂದು ಬಿಲ್ಲೆಗಳಿಗೆ ಮುಚ್ಚಳ ಹಾಕಲಿಲ್ಲ. ಆಯುಧಪೂಜೆಯ ದಿನ ತೋಳಿಗೆ ಚೆಂಡುಹೂವಿನ ಹಾರ ಹಾಕಿ, ಒಂದೊಂದು ಕೀಲಿಗೂ ಗಂಧ ಕುಂಕುಮ ಹಚ್ಚಿದಿರಿ. ಮೊಣಕೈ ಕೀಲಿನ ಬೊಟ್ಟು ನೇರ ಗೆರೆಗಳ ಮೇಲೆ ಕೂತಿತು. ಮರುದಿನ ಹಾರ ತೆಗೆದು ಹಾಗೆಯೇ ಅಳೆಯಲು ಕೂತಿರಿ. ನಿಮ್ಮ ಹೆಂಡತಿ ನಾಗವೇಣಮ್ಮ, “ಅಲ್ರೀ, ಆ ಬೊಟ್ಟು ಒರೆಸಿ ಶುರು ಮಾಡಬಾರ್ದೇನ್ರೀ?” ಎಂದದ್ದು ವಿಡಿಯೋದಲ್ಲಿ ಕೇಳಿಸುತ್ತದೆ. “ಪೂಜೆ ಮಾಡಿದ ಬೊಟ್ಟು ಯಾರಾದ್ರೂ ಒರೆಸ್ತಾರೇನೇ? ಸುಮ್ನಿರು,” ಎಂದಿರಿ. ನಾವೂ ಆಯುಧಪೂಜೆ ಮಾಡುತ್ತೇವೆ ಸ್ವಾಮಿ. ಕುಂಕುಮವನ್ನು ಹಣೆಗೆ ಇಡುತ್ತೇವೆ, ಕಣ್ಣೊಳಗೆ ಇಡುವುದಿಲ್ಲ.

ಬೊಟ್ಟು ಬೆಳಕಿಗೆ ಅಡ್ಡ ಬಂದಾಗಲೆಲ್ಲ ಎಣಿಕೆ ತಪ್ಪಿತು. ಹಿಡಿಯುವುದು ಕಷ್ಟವಿರಲಿಲ್ಲ. ಒಂದು ಉಕ್ಕಿನ ಗುಂಡನ್ನು ಕದಲದಂತೆ ಕೂರಿಸಿ, ತೋಳನ್ನು ಬೇರೆ ಬೇರೆ ಬಗೆಯಲ್ಲಿ ಮಡಚಿ ಅದನ್ನೇ ಮುಟ್ಟಬೇಕಿತ್ತು. ಗುಂಡು ಜಾಗ ಬದಲಿಸಿದಂತೆ ಕಂಡರೆ ತೋಳು ಸುಳ್ಳು ಹೇಳುತ್ತಿದೆ ಎಂದರ್ಥ. ನೀವು ಒಂದೇ ಕಡೆಯಿಂದ, ಒಂದೇ ಭಂಗಿಯಲ್ಲಿ ಮುಟ್ಟಿ ಮುಟ್ಟಿ, “ನೋಡ್ರಿ, ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲ,” ಎಂದು ಮೀಸೆ ತಿರುವಿದಿರಿ. ಪರದೆಯ ಮೇಲೆ ಉದ್ದುದ್ದ ಅಂಕಿ ಮೂಡಿದರೆ ಅದೇ ಸತ್ಯವೆಂದು ನಂಬಿದಿರಿ. ಆ ಬೊಟ್ಟು ಯಾವಾಗ ಎಷ್ಟು ಗೆರೆ ನುಂಗಿತೆಂದು ಈಗ ಯಾರೂ ಹೇಳಲಾರರು, ಆದ್ದರಿಂದ ನಿಮ್ಮ ಅಳತೆಯನ್ನು ತಿದ್ದುವುದಕ್ಕೂ ನಮ್ಮಿಂದಾಗದು.

“ಬೈಬೇಡಕ್ಕ, ಸತ್ತೋರನ್ನ ಬೈದು ಏನ್ ಬರ್ತದೆ?” ಎನ್ನುತ್ತಾನೆ ಬಸವಂತ. ಅವನದು ದೊಡ್ಡ ಮನಸ್ಸು. ನನ್ನದಲ್ಲ. ಈ ಓಲೆ ಪೂಜೆಯ ಮರುದಿನ, ನೀವು ತಾರಸಿಗೆ ಹೋಗುವ ಮೊದಲು ಕೈಸೇರುತ್ತದೆ. ಒಂದು ಒದ್ದೆ ಬಟ್ಟೆ ತೆಗೆದುಕೊಂಡು ಬೊಟ್ಟು ಒರೆಸಿ. ಗುಂಡನ್ನು ಎಲ್ಲ ಕಡೆಯಿಂದ ಮುಟ್ಟಿ ನೋಡಿ, ಆಮೇಲೆ ಚಕ್ರ ಅಳೆಯಿರಿ. ದೇವರಿಗೆ ಕೋಪ ಬಂದರೆ ನನ್ನ ಹೆಸರು ಹೇಳಿ. ನೀವು ಇಷ್ಟು ಮಾಡಿದರೆ ನಾನು ಈ ಕಾಗದ ಬರೆದೇ ಇರುವುದಿಲ್ಲ, ನಿಮ್ಮ ಹೆಸರೂ ನನಗೆ ಗೊತ್ತಿರುವುದಿಲ್ಲ. ಅದಕ್ಕಿಂತ ದೊಡ್ಡ ಮರ್ಯಾದೆಯನ್ನು ನಿಮಗೆ ನಾನು ಕೊಡಲಾರೆ.

ಓಲೆ ಕಳಿಸಿ ರೊಟ್ಟಿ ಬಡಿಯಲು ಏಳುತ್ತೇನೆ. ಇವತ್ತು ಬಸವಂತನ ತಟ್ಟೆಗೆ ಮುರಿಯದೆ, ಇಡೀ ರೊಟ್ಟಿ ಹಾಕಿ, ಯಾವ ಕೈ ಚಾಚುತ್ತಾನೋ ಎಂದು ನೋಡುತ್ತ ಎದುರಿಗೆ ಕೂತಿರುತ್ತೇನೆ.

ಹಾಲಮ್ಮ