ಹದಿನಾಲ್ಕನೇ ಕಂಬದ ಹೊಂಗೆ

ಗಾಣದ ಬೀದಿ,
ಮೇ ತಿಂಗಳ ನಲವತ್ತೊಂದನೇ ತಾರೀಕು, 2109

ಗಾಣದ ಬೀದಿಯ ಪೂರ್ವದ ಬಾಗಿಲಿನ ಮನೆಯ ಯಜಮಾನರಾದ ಮುತ್ತಜ್ಜ ತಿಪ್ಪೇಸ್ವಾಮಿಯವರಿಗೆ, ಅದೇ ಮನೆಯಲ್ಲಿ ಇರುವ ಮರಿಮೊಮ್ಮಗ ಓಬಳೇಶ ಮಾಡುವ ನಮಸ್ಕಾರಗಳು. ನಮಸ್ಕಾರ ಇಲ್ಲಿಗೆ ಮುಗಿಯಿತು. ಮುಂದಿನದೆಲ್ಲ ಸಿಟ್ಟು.

ತಾರೀಕು ನೋಡಿ ಕನ್ನಡಕ ಒರೆಸಿಕೊಳ್ಳಬೇಡಿ. ಮಳೆ ಬೀಳುವ ತನಕ ಜೂನ್ ತಿಂಗಳು ಶುರುವಾಗಕೂಡದು ಎಂದು ನಮ್ಮ ಪುರಸಭೆ ಠರಾವು ಮಾಡಿ ಹತ್ತೊಂಬತ್ತು ವರ್ಷವಾಯಿತು. ಹೋದ ಸಲ ಮೇ ತಿಂಗಳಿಗೆ ಅರವತ್ತೆಂಟು ದಿನ. ನನ್ನ ಬರಹದಲ್ಲಿ ನಿಮಗೆ ಗೊತ್ತಿಲ್ಲದ ಪದಗಳು ಬಂದರೆ ಮನ್ನಿಸಿ. ನಿಮ್ಮ ಕಾಲದ ಮಾತೂ ನಮಗೆ ಅಷ್ಟೇ ವಿಚಿತ್ರ. ‘ಊಟ ಆದ್ಮೇಲೆ ಹಾಗೇ ಒಂದು ಸುತ್ತು ಹೋಗಿಬರ್ತೀನಿ’ ಎಂದು ನೀವು ಮಟಮಟ ಮಧ್ಯಾಹ್ನ ಹೇಳುತ್ತಿದ್ದಿರಂತೆ. ಅದರ ಅರ್ಥವನ್ನು ನಮ್ಮ ಮಕ್ಕಳಿಗೆ ಕೂರಿಸಿ ಹೇಳಿಕೊಡಬೇಕು. ನಡುನಡುವೆ ಪ್ರಾಸ ಬಂದರೂ ಸಹಿಸಿಕೊಳ್ಳಿ. ಕೋಪ ಬಂದಾಗ ಕೆಲವರಿಗೆ ಕೆಮ್ಮು ಬರುತ್ತದೆ, ನನಗೆ ಪ್ರಾಸ ಬರುತ್ತದೆ.

ನಾನು ಈ ಬೀದಿಯ ನೆರಳುಗುಮಾಸ್ತ. ನಗಬೇಡಿ, ಸರ್ಕಾರಿ ಹುದ್ದೆ. ಬೀದಿಯಲ್ಲಿ ಮೂವತ್ತು ಮನೆ, ಒಂದು ಮರ. ಬೆಳಗ್ಗೆ ಹನ್ನೊಂದಾದರೆ ಮಾಳಿಗೆಯ ಸೌರಫಲಕದ ಕರೆಂಟೆಲ್ಲ ನೀರೆತ್ತುವುದಕ್ಕೆ ಹೋಗುತ್ತದೆ, ಫ್ಯಾನು ನಿಲ್ಲುತ್ತದೆ, ಮನೆಯೊಳಗೆ ಕೂತವರು ಹಬೆಯಲ್ಲಿಟ್ಟ ಇಡ್ಲಿಯ ಹಾಗೆ ಉಬ್ಬುತ್ತಾರೆ. ಆದ್ದರಿಂದ ಹನ್ನೊಂದರಿಂದ ನಾಲ್ಕರವರೆಗೆ ಮರದ ಕೆಳಗೆ ಪಾಳಿ. ಒಮ್ಮೆಗೆ ನಾಲ್ಕು ಮನೆಯವರು, ನಲವತ್ತು ನಿಮಿಷ. ಮರದ ನೆರಳು ಎಲ್ಲಿಗೆ ಬಂದಿದೆಯೋ ಅಲ್ಲಿಗೆ ನಾನು ಸುಣ್ಣದಲ್ಲಿ ಗೆರೆ ಎಳೆಯುತ್ತೇನೆ. ಅದಕ್ಕೆ ನೆರಳುಗೆರೆ ಅನ್ನುತ್ತೇವೆ. ಗೆರೆಯ ಒಳಗೆ ಕೂತವರು ಮನುಷ್ಯರು, ಹೊರಗೆ ಒದ್ದೆ ಗೋಣಿ ಹೊದ್ದು ಕಾಯುವವರು ಮುಂದಿನ ಪಾಳಿಯ ಮನುಷ್ಯರು. ಸಮಯವಾದಾಗ ಗಂಟೆ ಬಡಿಯುತ್ತೇನೆ. ಗಂಟೆ ಯಾವುದು ಗೊತ್ತೇ? ನಿಮ್ಮ ಕಾಲದ ಹದಿನಾಲ್ಕನೇ ವಿದ್ಯುತ್ ಕಂಬದ ಮೂರಡಿ ಕಬ್ಬಿಣದ ತುಂಡು. ಕಂಬ, ತಂತಿ ಎಲ್ಲ ಕಿತ್ತು ನಲವತ್ತೊಂದು ವರ್ಷವಾಗಿದೆ. ಆ ಕಂಬ ನಮ್ಮ ಬೀದಿಗೆ ಮಾಡಿದ ಏಕೈಕ ಉಪಕಾರ ಆ ಸದ್ದು.

ಇರುವ ಒಂದೇ ಮರ ಹೊಂಗೆ. ಹೊಂಗೆಯ ನೆರಳಿಗೆ ಸಾಟಿ ಇಲ್ಲ ಎಂದು ಹೇಳಿಕೊಂಡು ತಿರುಗಿದವರು ನಿಮ್ಮ ಕಾಲದವರೇ, ಅದರ ಕೊಂಬೆ ಕಡಿಸಿದವರೂ ನೀವೇ. ನಾಳೆ ಬೆಳಗ್ಗೆ ಎಂಟು ಗಂಟೆಗೆ ಆ ಮರವನ್ನು ಉರುಳಿಸುತ್ತಾರೆ. ಉರುಳಿಸಿ ಎಂಬ ಹಾಳೆಗೆ ಸಹಿ ಹಾಕಬೇಕಾದ ಗುಮಾಸ್ತ ನಾನು.

ಯಾಕೆ ಉರುಳಿಸಬೇಕು ಕೇಳಿ. ಮರ ಇರುವುದು ಬೀದಿಯ ಪೂರ್ವಕ್ಕೆ, ನಮ್ಮ ಎದುರುಮನೆಯ ಮುದುಕಿ ಪಾಲಮ್ಮನ ಗೋಡೆಗೆ ಅಂಟಿಕೊಂಡಂತೆ. ತಂತಿ ಹೋಗುತ್ತಿದ್ದದ್ದು ಮರದ ಪಶ್ಚಿಮಕ್ಕೆ, ರಸ್ತೆಯ ಕಡೆಗೆ. ನಿಮ್ಮ ಕಾಲದವರು ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಕರೆಂಟು ತೆಗೆದು, ಏಣಿ ಹಾಕಿ, ತಂತಿಯ ಕಡೆಯ ಕೊಂಬೆಗಳನ್ನು ಮಾತ್ರ ಸವರಿ ಹೋಗುತ್ತಿದ್ದರು. ಇನ್ನೊಂದು ಕಡೆಯದನ್ನು ಮುಟ್ಟುತ್ತಿರಲಿಲ್ಲ, ಅದು ತಂತಿಗೆ ತಾಗುವುದಿಲ್ಲವಲ್ಲ! ಅರ್ಧ ತಲೆ ಬೋಳಿಸಿ ಕ್ಷೌರಿಕ ಊಟಕ್ಕೆ ಎದ್ದುಹೋದ ಹಾಗೆ. ಒಂದು ಮಗ್ಗುಲು ಬೋಳಾದ ಮರ ಏನು ಮಾಡಬೇಕು? ಭಾರವೆಲ್ಲ ಪೂರ್ವಕ್ಕೆ ಬಿತ್ತು, ಮರ ಪೂರ್ವಕ್ಕೆ ವಾಲಿತು. ಕೊಂಬೆಗಳನ್ನು ಬುಡದ ಹತ್ತಿರ ಕತ್ತರಿಸದೆ ಮೊಳದುದ್ದ ಮೋಟು ಬಿಟ್ಟು ಹೋದ ಕಡೆಯೆಲ್ಲ ನೀರು ನಿಂತು ಕೊಳೆತು ಪೊಟರೆ ಆಯಿತು. ಎಂಬತ್ತು ವರ್ಷ ಹಾಗೇ ನಿಂತಿದ್ದೇ ಅದರ ದೊಡ್ಡತನ. ಈಗ ಕವಲಿನಲ್ಲಿ ನನ್ನ ಅಂಗೈ ಹೋಗುವಷ್ಟು ಬಿರುಕು. ಬಿದ್ದರೆ ಪಾಲಮ್ಮನ ಎರಡು ಕೋಣೆ, ಪಾಳಿಯಲ್ಲಿ ಕೂತ ನಾಲ್ಕು ಮನೆಯವರು, ಎಲ್ಲ ಒಟ್ಟಿಗೆ. ಬಾಕಿ ಉಳಿದ ನೆರಳೂ ಈಗ ಬೀಳುವುದು ಗೋಡೆ ಮತ್ತು ಚರಂಡಿಯ ಮೇಲೆ. ರಸ್ತೆಯ ಕಡೆಯ ಅರ್ಧ ಇದ್ದಿದ್ದರೆ ಇಡೀ ಬೀದಿ ಒಟ್ಟಿಗೆ ಕೂರಬಹುದಿತ್ತು. ನಾವು ಚರಂಡಿಯ ಕಲ್ಲಿನ ಮೇಲೆ ಮೊಣಕಾಲು ಮಡಚಿ ಕೂತಿದ್ದೇವೆ ಮುತ್ತಜ್ಜ, ನಿಮ್ಮ ತಂತಿಗೆ ಜಾಗ ಬಿಟ್ಟು. ಆ ತಂತಿ ಎಲ್ಲಿದೆ?

ಕಂಬಕ್ಕೆಂದು ಕೊಂಬೆ ಕಡಿದರು, ನಂಬಿದ ನೆರಳಿನ ಬೆನ್ನನೆ ಮುರಿದರು.

ನಮ್ಮಲ್ಲಿ ಒಂದು ಕಾಯಿದೆ ಇದೆ. ಮರ ಕಡಿಯುವ ಮುಂಚೆ ಅದರ ಜಾತಕ ಓದಬೇಕು. ಮರದ ಜಾತಕ ಎಂದರೆ ಗ್ರಹ ನಕ್ಷತ್ರ ಅಲ್ಲ. ಯಾರು ನೆಟ್ಟರು, ಯಾರು ನೀರು ಹಾಕಿದರು, ಯಾರು ಕಡಿದರು, ಯಾಕೆ ಕಡಿದರು ಎನ್ನುವ ಹಳೆಯ ಕಾಗದಗಳ ಕಟ್ಟು. ಬೀದಿಯವರನ್ನೆಲ್ಲ ಬುಡದಲ್ಲಿ ನಿಲ್ಲಿಸಿ ಗುಮಾಸ್ತ ಮೊದಲಿಂದ ಕೊನೆಯವರೆಗೆ ಗಟ್ಟಿಯಾಗಿ ಓದಬೇಕು, ಒಂದು ಹೆಸರನ್ನೂ ನುಂಗಬಾರದು. ಆಮೇಲೆ ಗರಗಸ. ಹಾಗಾಗಿ ನಿನ್ನೆ ಕಟ್ಟು ಬಿಚ್ಚಿ, ಅಭ್ಯಾಸಕ್ಕೆಂದು ಓದಲು ಕೂತೆ.

ಮೊದಲ ಹತ್ತು ಹಾಳೆ ಒಂದೇ ಕೈಬರಹ, ಲೈನ್‌ಮನ್ ಬೋರಯ್ಯನದು. ‘ಕಂಬ 14, ಹೊಂಗೆ, ರಸ್ತೆ ಕಡೆ ಕೊಂಬೆ ಸವರಿದೆ.’ ಮುಂದಿನ ವರ್ಷವೂ ಅದೇ, ಅದರ ಮುಂದಿನ ವರ್ಷವೂ ಅದೇ. ಓದುತ್ತ ಓದುತ್ತ ಈ ಬೋರಯ್ಯನ ಮೇಲೆ ನನಗೆ ಕೆಂಡದಂಥ ಕೋಪ ಬಂದಿತ್ತು. ಹನ್ನೊಂದನೇ ಹಾಳೆಯಲ್ಲಿ ಆ ಮನುಷ್ಯ ಹೀಗೆ ಬರೆದಿದ್ದಾನೆ: ‘ಸ್ವಾಮಿ, ಒಂದೇ ಮಗ್ಗುಲು ಕಡೀತಾ ಹೋದ್ರೆ ಈ ಮರ ಇವತ್ತಲ್ಲ ನಾಳೆ ಆ ಕಡೆ ಬೀಳ್ತದೆ. ರಸ್ತೆಯ ಆಚೆ ಬದಿ ಪೂರ್ತಿ ಖಾಲಿ. ಲೈನ್ ಆ ಕಡೆ ಹಾಕಿದ್ರೆ ಮರ ಮುಟ್ಟೋದೇ ಬೇಡ. ಕಂಬ ಒಂದು, ದಿನ ಎರಡು ಸಾಕು. ನಾನು ಹತ್ತು ವರ್ಷದಿಂದ ಇದನ್ನ ಹತ್ತಿದವನು, ತಿಳಿದು ಹೇಳ್ತಿದ್ದೀನಿ.’ ಮೇಲಿನವರು ಅದರ ಪಕ್ಕ ‘ಆಗಬಹುದು’ ಎಂದು ಬರೆದಿದ್ದಾರೆ. ಸರ್ಕಾರಿ ಕಾಗದದ ಮೇಲೆ ‘ಆಗಬಹುದು’! ನಾನು ಆ ಹಾಳೆಯನ್ನು ಕಣ್ಣಿಗೆ ಒತ್ತಿಕೊಂಡೆ.

ಹನ್ನೆರಡನೇ ಹಾಳೆ ನಿಮ್ಮದು.

ಅರ್ಜಿ. ಇಪ್ಪತ್ತೇಳು ಜನರ ಸಹಿ, ಮೊದಲನೆಯದು ತಮ್ಮದು, ದೊಡ್ಡದಾಗಿ, ಕೆಳಗೆ ಎರಡು ಗೆರೆ ಎಳೆದು. ರಸ್ತೆಯ ಆಚೆ ಬದಿಯ ಖಾಲಿ ಜಾಗ ಎಂದರೆ ತಮ್ಮ ಹೊಸ ಮನೆಯ ಮುಂದಿನದು. ಪೂರ್ವದ ಹೆಬ್ಬಾಗಿಲಿನ ಎದುರು ಕಂಬ ನಿಂತರೆ ದ್ವಾರವೇಧೆ ಆಗುತ್ತದೆ, ಮನೆತನಕ್ಕೆ ಏಳಿಗೆ ಇಲ್ಲ ಎಂದು ವಾಸ್ತುವಿನವರು ಹೇಳಿದ್ದಾರೆ ಎಂದು ಬರೆದಿದ್ದೀರಿ. ಅದರ ಕೆಳಗೆ ಇನ್ನೊಂದು ಸಾಲು: ‘ಮರವನ್ನು ಬೇಕಾದರೆ ವರ್ಷಕ್ಕೆ ಎರಡು ಸಲ ಕಡಿಯಿರಿ, ನಮ್ಮ ಅಭ್ಯಂತರವಿಲ್ಲ.’ ಅಭ್ಯಂತರ ನಿಮಗೆ ಯಾಕೆ ಇರುತ್ತದೆ? ಮರಕ್ಕೆ ಇತ್ತೋ ಏನೋ, ಕೇಳಿದವರು ಯಾರು? ಬೋರಯ್ಯ ನಿಮ್ಮ ಮನೆಗೂ ಬಂದಿದ್ದನಂತೆ, ಅದೂ ಕಾಗದದಲ್ಲಿದೆ. ‘ಯಜಮಾನ್ರೆ, ಬಾಗಿಲಿಂದ ನಾಕಡಿ ಪಕ್ಕಕ್ಕೆ ನಿಲ್ಲಿಸ್ತೀನಿ, ನಿಮ್ಮ ಕಣ್ಣಿಗೂ ಬೀಳಲ್ಲ’ ಎಂದು ಕೇಳಿಕೊಂಡನಂತೆ. ನೀವು ಏನಂದಿರಿ? ‘ಲೈನ್‌ಮನ್ನು ಲೈನ್ ನೋಡ್ಕೊಳ್ಳಯ್ಯ, ನನ್ನ ಬಾಗಿಲು ನಾನು ನೋಡ್ಕೋತೀನಿ.’ ಪಾಪ, ಅದನ್ನೂ ಅವನು ಒಂದಕ್ಷರ ಬಿಡದೆ ಬರೆದಿಟ್ಟಿದ್ದಾನೆ. ಆಮೇಲೆ ಹದಿಮೂರನೇ ಹಾಳೆ: ‘ಕಂಬ 14, ಹೊಂಗೆ, ರಸ್ತೆ ಕಡೆ ಕೊಂಬೆ ಸವರಿದೆ.’

ನೀವು ಮರದ ವೈರಿಗಳಾಗಿದ್ದರೆ ನನಗೆ ಇಷ್ಟು ಉರಿಯುತ್ತಿರಲಿಲ್ಲ. ಅದೇ ಕಟ್ಟಿನಲ್ಲಿ ನಿಮ್ಮ ಫೋಟೋಗಳಿವೆ. ಪ್ರತಿ ಪರಿಸರ ದಿನಕ್ಕೆ ಬೀದಿಯವರೆಲ್ಲ ಸೇರಿ ಒಂದು ಸಸಿ ನೆಟ್ಟಿದ್ದೀರಿ, ತಂತಿಯ ನೇರ ಕೆಳಗೆ. ಅದು ತಂತಿಯ ಎತ್ತರಕ್ಕೆ ಬಂದ ವರ್ಷ ಕಡಿಸಿದ್ದೀರಿ. ಮತ್ತೆ ಅದೇ ಗುಂಡಿಯಲ್ಲಿ ಇನ್ನೊಂದು, ಯಾಕೆಂದರೆ ಗುಂಡಿ ರೆಡಿ ಇತ್ತು! ಐದು ಫೋಟೋ, ಐದು ಸಸಿ, ಒಂದೇ ಗುಂಡಿ. ಐದರಲ್ಲೂ ಕೊರಳಿಗೆ ಹಾರ ಹಾಕಿಕೊಂಡು, ಬಿಂದಿಗೆ ಹಿಡಿದು ನಗುತ್ತಿರುವವರು ನೀವೇ. ನೆಟ್ಟಿದ್ದು ಹಾರಕ್ಕೆ, ಕಡಿದಿದ್ದು ತಾರಿಗೆ, ಬಿಸಿಲು ಮಾತ್ರ ನಮ್ಮ ಪಾಲಿಗೆ.

ಇವತ್ತು ಬೆಳಗ್ಗೆ ಪಾಲಮ್ಮ ಎದುರಾದಳು. ಎಪ್ಪತ್ತೆರಡು ವರ್ಷ, ಮರದ ಕೆಳಗೆ ಕೂತು ಹಪ್ಪಳ ಲಟ್ಟಿಸಿ ಬದುಕುವವಳು. ಮರ ಬಿದ್ದರೂ ಅವಳಿಗೇ ಕೇಡು, ಉರುಳಿಸಿದರೂ ಅವಳಿಗೇ ಕೇಡು. ‘ಏನಪ್ಪಾ ಗುಮಾಸ್ತ, ಕಟ್ಟು ಬಿಚ್ಚಿದ್ಯಂತೆ. ನಮ್ಮಜ್ಜಿ ಹೇಳ್ತಿದ್ಲು, ಅದ್ರಾಗೆ ನಿಮ್ಮ ಮನೆತನದ ಸಹಿ ಐತಂತೆ. ನಾಳೆ ಓದುವಾಗ ಅಲ್ಲಿಗೆ ಬಂದಾಗ ನಿಂಗೆ ಕೆಮ್ಮು ಬರಬಾರ್ದು ನೋಡು’ ಅಂದಳು. ಇಡೀ ಬೀದಿಗೆ ಗೊತ್ತಿತ್ತು ಮುತ್ತಜ್ಜ. ಗೊತ್ತಿದ್ದೂ ಇಷ್ಟು ವರ್ಷ ನನ್ನ ಗಂಟೆಗೆ ಎದ್ದು ಜಾಗ ಬಿಟ್ಟುಕೊಟ್ಟಿದ್ದಾರೆ, ನನ್ನ ಹೆಂಡತಿ ಮಕ್ಕಳನ್ನು ಗೆರೆಯ ಒಳಗೆ ಕೂರಿಸಿಕೊಂಡಿದ್ದಾರೆ. ಇದಕ್ಕೆ ಮಾತ್ರ ನನಗೆ ಪ್ರಾಸ ಬರಲಿಲ್ಲ.

ನೀವು ಕಾಪಾಡಿದ ಬಾಗಿಲಿಂದಲೇ ನಾನು ದಿನಾ ಓಡಾಡುವುದು. ಎದುರಿಗೆ ಕಂಬ ಇಲ್ಲ, ತಂತಿ ಇಲ್ಲ, ನಾಳೆಯಿಂದ ಮರವೂ ಇಲ್ಲ. ವೇಧೆಯೇ ಇಲ್ಲದ ಇಂಥ ಶುಭದ ಬಾಗಿಲು ಇಡೀ ಊರಲ್ಲಿ ಸಿಗಲಿಕ್ಕಿಲ್ಲ. ಅದರೊಳಗೆ ಬೆಳಗ್ಗೆ ಏಳಕ್ಕೇ ನುಗ್ಗುವ ಬಿಸಿಲಿಗೆ ನಿಮ್ಮ ಗ್ರಾನೈಟ್ ಹೊಸ್ತಿಲು ಕಾವಲಿಯಂತೆ ಕಾಯುತ್ತದೆ. ಬೇಕಾದರೆ ಬನ್ನಿ, ದೋಸೆ ಹುಯ್ದು ಕೊಡುತ್ತೇನೆ.

ಈ ಕಾಗದವನ್ನು ಇವತ್ತು ಸಂಜೆ ಹೊಂಗೆಯ ಪೊಟರೆಯಲ್ಲಿ ಇಡುತ್ತೇನೆ, ಬೋರಯ್ಯ ಒಲ್ಲದ ಮನಸ್ಸಿನಿಂದ ಕಡಿದ ಮೊದಲ ಕೊಂಬೆಯ ಮೋಟಿನಲ್ಲಿ. ನಿಮ್ಮ ಕಾಲಕ್ಕೆ ಹೋಗುವ ದಾರಿ ಎಲ್ಲಾದರೂ ಇದ್ದರೆ ಆ ಗಾಯದಲ್ಲೇ ಇರಬೇಕು. ತಲುಪಿದರೆ ನನ್ನ ಕೇಳಿಕೆ ಒಂದೇ. ಆ ಅರ್ಜಿ ಇನ್ನೂ ನಿಮ್ಮ ಜೇಬಿನಲ್ಲಿದ್ದರೆ ಹರಿದುಹಾಕಿ. ಬೋರಯ್ಯ ಇನ್ನೊಂದು ಸಲ ಬಾಗಿಲಿಗೆ ಬಂದರೆ ಒಳಗೆ ಕರೆದು ಕಾಫಿ ಕೊಡಿ, ಕಂಬ ಎಲ್ಲಿ ನೆಡುತ್ತೀಯಪ್ಪಾ ಎಂದು ಕೇಳಿ. ಬಾಗಿಲ ಎದುರಿಗೇ ನೆಡಲಿ. ಏಳಿಗೆ ಆಗದಿದ್ದರೆ ಬೇಡ, ನಾವು ಹೇಗೋ ಬದುಕಿಕೊಳ್ಳುತ್ತೇವೆ, ನೆರಳಲ್ಲಿ ಕೂತು.

ನಾಳೆ ಎಂಟಕ್ಕೆ ಜಾತಕ ಓದುತ್ತೇನೆ. ನಿಮ್ಮ ಹೆಸರು ಬಂದಾಗ ಕೆಮ್ಮುವುದಿಲ್ಲ, ಎರಡು ಗೆರೆ ಎಳೆದಿದ್ದನ್ನೂ ಓದುತ್ತೇನೆ. ಅದಕ್ಕೆ ಮುಂಚೆ, ಏಳೂವರೆಗೆ, ಕಟ್ಟನ್ನು ಇನ್ನೊಂದು ಸಲ ಬಿಚ್ಚುತ್ತೇನೆ. ಹನ್ನೆರಡನೇ ಹಾಳೆ ಇದೆಯೋ ಇಲ್ಲವೋ ನೋಡುವುದಕ್ಕೆ.

ನಿಮ್ಮ ಬಾಗಿಲಿನವನೇ,
ಓಬಳೇಶ