ಬಟಾಟೆ ಸುಲಿದ ಯುದ್ಧವೀರ

ಮೊಹಮ್ಮದ್ ಬಿನ್ ಜಾಯೆದ್ ಸಿಟಿ, ಅಬುಧಾಬಿ
18 ನವೆಂಬರ್ 2025

ಲಿಯೊನೆಲಾ,

ನಿನ್ನ ಕಿವಿ ಪೂರ್ತಿ ಹೋಗಿದೆ. ಫೋನಿನಲ್ಲಿ ಕಿರುಚಿದರೆ ಈ ಮನೆಯವರಿಗೆಲ್ಲ ಕೇಳುತ್ತದೆ, ನಿನಗೊಬ್ಬನಿಗೆ ಕೇಳುವುದಿಲ್ಲ. ಅದಕ್ಕೇ ಕಾಗದ. ಸೊಸೆಯ ತಮ್ಮ ಡ್ಯಾರಲ್ ನಾಳೆ ಊರಿಗೆ ಹೊರಡುತ್ತಾನೆ, ಅವನ ಕೈಯಲ್ಲಿ ಕೊಡುತ್ತೇನೆ. ಐದನೇ ಕ್ಲಾಸಿಗೆ ಶಾಲೆ ಬಿಟ್ಟವನ ಅಕ್ಷರ, ತಪ್ಪು ಹುಡುಕಬೇಡ. ನೀನು ನಾಲ್ಕಕ್ಕೇ ಬಿಟ್ಟವನು.

ನಾನಿಲ್ಲಿ ಸಿಕ್ಕಿಬಿದ್ದಿದ್ದೇನೆ. ಮಗ ಜೋಸ್ವಿನ್ ‘ಎರಡು ತಿಂಗಳು ಇದ್ದು ಹೋಗಿ ಪಪ್ಪಾ’ ಎಂದು ಕರೆತಂದವನು, ವರ್ಷ ಮುಗಿಯುತ್ತ ಬಂದರೂ ಬಿಡುತ್ತಿಲ್ಲ. ಬಾಗಿಲಿಗೆ ಬೀಗವೇನಿಲ್ಲ. ಆದರೆ ಹೊರಗೆ ಬಿದ್ದು ಎಲ್ಲಿಗೆ ನಡೆಯುವುದು? ಎಲ್ಲ ವಿಲ್ಲಾಗಳೂ ಒಂದೇ ತರಹ, ಗೋಡೆಗಳೂ ಒಂದೇ ತರಹ. ಅಂಗಡಿಗೂ ಕಾರು, ಇಗರ್ಜಿಗೂ ಕಾರು. ಒಮ್ಮೆ ಸುತ್ತಾಡಿ ಬಂದು ಬೇರೆ ಯಾರದೋ ಗೇಟು ತಟ್ಟಿದೆ. ಅಂದಿನಿಂದ ಸೊಸೆ ಡೆಬೊರಾ ಒಬ್ಬನೇ ಹೊರಗೆ ಕಾಲಿಡಲು ಬಿಡುವುದಿಲ್ಲ. ಪಾಸ್‌ಪೋರ್ಟ್ ಮಗನ ಕಪಾಟಿನಲ್ಲಿದೆ. ನನಗೆ ಕೊಟ್ಟದ್ದು ಮೊಮ್ಮಗಳು ಅಲಿಶಾ ಚಿಕ್ಕವಳಿದ್ದಾಗಿನ ರೂಮು. ಅವಳ ಎರಡಂತಸ್ತಿನ ಮಂಚ ಹಾಗೇ ಇದೆ, ಕೆಳಗಿನದರಲ್ಲಿ ನಾನು. ಕಿಟಕಿ ತೆರೆಯುವುದಿಲ್ಲ, ಏಸಿ ಗೊರ್ರೆನ್ನುತ್ತದೆ. ನಮ್ಮ ‘ಸಿಲ್ವರ್ ಹೆರಾನ್’ ಹಡಗಿನ ತಳದ ಕ್ಯಾಬಿನ್ನೇ ಅನ್ನು. ಅಲ್ಲಿ ಮೇಲಿನ ಬಂಕಿನಲ್ಲಿ ನಿನ್ನ ಗೊರಕೆಯಾದರೂ ಇತ್ತು.

ನನ್ನನ್ನು ಕೆಡಿಸಿದ್ದೂ ಆ ಹಡಗೇ. ಊಟಕ್ಕೆ ಕುಳಿತಾಗ ಅಲಿಶಾ, ಗ್ರ್ಯಾಂಪಾ ಯಾವ ಶಿಪ್‌ನಲ್ಲಿದ್ದದ್ದು ಎಂದು ಕೇಳಿದಳು. ಹೆಸರು ಹೇಳಿದೆ. ಜೋಸ್ವಿನ್ ಕೂಡಲೇ ಫೋನಿನಲ್ಲಿ ಹುಡುಕಿದ. ನಮ್ಮ ಮುದಿ ಇಂಜಿನಿಯರ್ ಹೇಳುತ್ತಿದ್ದದ್ದೆಲ್ಲ ಅದರಲ್ಲಿ ಇತ್ತು ಮಾರಾಯ. ಸಾಮಾನಿನ ಹಡಗಿಗೆಂದು ಕಟ್ಟಿದ ಮೈ, ಮಹಾಯುದ್ಧ ಬಂದಾಗ ಅದರ ಮೇಲೆ ಚಪ್ಪಟೆ ಅಟ್ಟ ಹಾಕಿ ವಿಮಾನ ಇಳಿಸಿದ್ದು, ಅಟ್ಲಾಂಟಿಕ್‌ನಲ್ಲಿ ಬೇರೆ ಹಡಗುಗಳ ಗುಂಪಿಗೆ ಕಾವಲು ಹೋದದ್ದು, ಸಬ್‌ಮರೀನ್‌ಗಳನ್ನು ಹುಡುಕಿ ಹೊಡೆದದ್ದು, ಯುದ್ಧ ಮುಗಿದ ಮೇಲೆ ಅಟ್ಟ ಕಿತ್ತು, ಹೆಸರು ಬದಲಿಸಿ, ಮತ್ತೆ ಸಾಮಾನಿನ ಹಡಗು ಮಾಡಿ ಮಾರಿದ್ದು. ನಮ್ಮ ಕಾಲಕ್ಕೆ ಒಂದೇ ಸಾಲು. ವ್ಯಾಪಾರದಲ್ಲಿತ್ತು, ಆಮೇಲೆ ಗುಜರಿಗೆ ಒಡೆದರು. ಅಷ್ಟೇ. ನೀನೂ ಇಲ್ಲ, ನಾನೂ ಇಲ್ಲ.

ಜೋಸ್ವಿನ್ ಆ ಸಾಲಿನವರೆಗೆ ಬರಲೇ ಇಲ್ಲ. ‘ಪಪ್ಪಾ, ಏರ್‌ಕ್ರಾಫ್ಟ್ ಕ್ಯಾರಿಯರ್! ಇಷ್ಟು ವರ್ಷ ಒಂದು ಮಾತು ಹೇಳಿಲ್ಲ ನೀವು!’ ಎಂದು ಎದ್ದು ನಿಂತ. ನಾನು ಹತ್ತುವಾಗ ಅದು ಗೋಧಿ ಹಡಗು ಎಂದೆ. ‘ಅದು ಬಿಡಿ. ಸೇಮ್ ಶಿಪ್ ಅಲ್ವಾ?’ ಎಂದ. ಅವನು ಇಲ್ಲಿಯ ಕರಾವಳಿ ಸಂಘದ ಕಾರ್ಯದರ್ಶಿ. ಅಧ್ಯಕ್ಷ ಪೃಥ್ವಿರಾಜ್, ಜುಮೇರಾ ಲೇಕ್ ಟವರ್ಸ್‌ನಲ್ಲಿ ಆಫೀಸು ಇಟ್ಟುಕೊಂಡ ಮನುಷ್ಯ, ಸನ್ಮಾನಕ್ಕೆ ಜನ ಸಿಗದೆ ಒದ್ದಾಡುತ್ತಿದ್ದ. ನಾನು ಒಲ್ಲೆ ಎಂದೆ. ‘ಇದೊಂದು ಮುಗಿಯಲಿ ಪಪ್ಪಾ, ಮರುದಿನವೇ ಊರಿನ ಟಿಕೆಟ್ ಮಾಡಿಸ್ತೇನೆ’ ಎಂದ ಮಗ. ಟಿಕೆಟ್ ಎಂದ ಮೇಲೆ ಬಾಯಿ ಮುಚ್ಚಿದೆ.

ಕಳೆದ ಶನಿವಾರ ದುಬೈಯ ಸಭಾಂಗಣದಲ್ಲಿ ಶಾಲು, ಹಾರ, ಹಣ್ಣಿನ ಬುಟ್ಟಿ, ತಲೆಗೊಂದು ಬಿಗಿ ಪೇಟ. ಪೃಥ್ವಿರಾಜ್ ಮೈಕಿನಲ್ಲಿ, ವಿಮಾನವಾಹಕ ಯುದ್ಧನೌಕೆಯ ವೀರ, ಎಪ್ಪತ್ತೊಂದರ ಯುದ್ಧದಲ್ಲಿ ದೇಶ ಕಾದವರು ಎಂದು ಶುರುಮಾಡಿದ. ಎಪ್ಪತ್ತೊಂದು ಎಲ್ಲಿಂದ ಬಂತೋ, ಆ ದೇವರಿಗೇ ಗೊತ್ತು. ನನ್ನ ಪಿತ್ತ ನೆತ್ತಿಗೇರಿತು. ಟಿಕೆಟ್ ಹೋದರೆ ಹೋಗಲಿ ಎಂದು ಮೈಕ್ ಕಿತ್ತುಕೊಂಡೆ. ನಾನು ಯಾರನ್ನೂ ಕಾಯಲಿಲ್ಲ, ಹಡಗಿನ ಅಡುಗೆ ಕುಶಿನಿಯಲ್ಲಿ ಬಟಾಟೆ ಸುಲಿದವನು, ವಿಮಾನದ ಲಿಫ್ಟ್ ಇಳಿಯುತ್ತಿದ್ದ ಹೊಂಡದಲ್ಲಿ ನಮ್ಮ ಬಟಾಟೆ ಗೋಣಿ ಇಡುತ್ತಿದ್ದರು, ಅಲ್ಲಿ ನಾನು ಕಂಡ ಶತ್ರು ಎಂದರೆ ಹೆಗ್ಗಣ ಎಂದೆ.

ಜೋಸ್ವಿನ್ ಮುಖ ಬಿಳಿಚಿತು. ಆಮೇಲೆ ಒಬ್ಬ ಚಪ್ಪಾಳೆ ತಟ್ಟಿದ. ‘ನೋಡಿ ವಿನಯ! ಬಟಾಟೆ ಸುಲಿದೆ ಅಂತಾರೆ!’ ಎಂದು ಪೃಥ್ವಿರಾಜ್ ಕಣ್ಣೊರೆಸಿಕೊಂಡ. ಜನ ಎದ್ದು ನಿಂತರು. ಕೆಳಗಿಳಿದ ಮೇಲೆ ಒಬ್ಬ ಕಿವಿಯ ಹತ್ತಿರ ಬಂದು, ‘ಅರ್ಥ ಆಯ್ತು ಸಾರ್, ಸೀಕ್ರೆಟ್ ಅಲ್ವಾ, ಹೇಳೋ ಹಾಗಿಲ್ಲ’ ಎಂದು ಕಣ್ಣು ಮಿಟುಕಿಸಿದ. ಸತ್ಯ ಹೇಳಿಯೂ ಬಿಡುಗಡೆ ಇಲ್ಲ ಎಂದರೆ ಇನ್ನೇನು ಮಾಡಲಿ?

ಮರುದಿನ ಮಗನಲ್ಲಿ ಟಿಕೆಟ್ ಕೇಳಿದೆ. ಶಾರ್ಜಾದ ಸಂಘದವರು ಜನವರಿಗೆ ಸನ್ಮಾನಕ್ಕೆ ಕರೆದಿದ್ದಾರಂತೆ, ಅದೂ ಮುಗಿಯಬೇಕಂತೆ. ಬಾಯಿಗೆ ಬಂದಂತೆ ಬೈದೆ. ಮೊದಲಾದರೆ ಮುಖ ಗಂಟು ಹಾಕುತ್ತಿದ್ದ. ಈಗ ನಕ್ಕು ಡೆಬೊರಾಳಿಗೆ ‘ನೇವಿ ಟೆಂಪರ್!’ ಎಂದ. ನನ್ನ ಸಿಟ್ಟನ್ನೂ ಕಿತ್ತುಕೊಂಡರು, ಲಿಯೊನೆಲಾ.

ನಿನ್ನ ಮೊಣಕಾಲು ಹೇಗಿದೆ? ಔಷಧಿ ತಿನ್ನು, ಹಟ ಮಾಡಬೇಡ.

ನಿನ್ನ,
ಪಾಯ್ಸ್

ತಾ.ಕ.: ಒಂದು ಮಾತು ಮುಚ್ಚಿಟ್ಟಿದ್ದೆ. ಆ ದಿನ ಮೈಕಿನಲ್ಲಿ ಸಿಟ್ಟಿನ ಭರಕ್ಕೆ, ನಂಬಿಕೆ ಇಲ್ಲದಿದ್ದರೆ ನನ್ನ ಜೊತೆ ಸುಲಿದ ಲಿಯೊನೆಲ್ ಊರಲ್ಲಿದ್ದಾನೆ, ಅವನನ್ನೇ ಕೇಳಿ ಎಂದುಬಿಟ್ಟೆ. ಈಗ ಜನವರಿಗೆ ‘ಇಬ್ಬರು ವೀರರು, ಒಂದೇ ವೇದಿಕೆ’ಯಂತೆ. ನಿನಗೂ ವೀಸಾ ಮಾಡಿಸುತ್ತಾರೆ. ರೋಮಿಗೆ ಹೋಗುತ್ತೇನೆಂದು ಮಾಡಿಸಿ ಎಲ್ಲಿಗೂ ಹೋಗದೆ ಇಟ್ಟಿದ್ದೀಯಲ್ಲ, ಆ ಪಾಸ್‌ಪೋರ್ಟನ್ನು ಡ್ಯಾರಲ್ ಕೇಳುತ್ತಾನೆ. ಕಳೆದುಹೋಗಿದೆ ಎನ್ನು, ಬಿಟ್ಟುಬಿಡುತ್ತಾರೆ.

ಇಲ್ಲವೇ ಕೊಡು. ಈ ಸಲ ಕೆಳಗಿನ ಬಂಕು ನಿನಗೆ. ನಾನು ಹೇಗಾದರೂ ಮೇಲೆ ಹತ್ತುತ್ತೇನೆ.